ಅನಾನಸಿಗೆ ಎರಡು ಹೆಸರು

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಲೇ ಗುಂಡ್ಲುಪೇಟೆಯ ಮನೆಯಲ್ಲಿ ಮೊಬೈಲ್ ಹಿಡಿದು ಪೋರ್ಚುಗೀಸ್ ಕಲಿಯುತ್ತಿದ್ದೇನೆ. ಪಾದ್ರಿ, ಚಾವಿ, ಅನಾನಸು ನಮಗೆ ಬಂದಿದ್ದು ಆ ಭಾಷೆಯಿಂದಲೇ. ಆದರೆ ಬ್ರೆಜಿಲ್‌ನಲ್ಲಿ ಅನಾನಸಿಗೆ 'ಅಬಕಶಿ' ಎನ್ನುತ್ತಾರೆ! ಬಸ್ಸು ಪೋರ್ಚುಗಲ್‌ನಲ್ಲಿ 'ಔತೊಕಾರು', ಬ್ರೆಜಿಲ್‌ನಲ್ಲಿ 'ಓನಿಬುಸ್'. ಲಿಸ್ಬನ್ನಿನ 'ಬೋಂ ದಿಯ' ರಿಯೊದಲ್ಲಿ 'ಬೋಂ ಜಿಯ'. ನಮ್ಮ 'ಬತ್ತೀನಿ' ಧಾರವಾಡದಲ್ಲಿ 'ಬರ್ತೀನ್ರಿ' ಆದ ಹಾಗೆ.

ಯಾವುದು ಸರಿ ಎಂದು ಚಾಮರಾಜನಗರದ ಗೆಳೆಯರು ಕೇಳುತ್ತಾರೆ. ಎರಡೂ ಸರಿ. ಆದರೆ ಪರೀಕ್ಷೆಗಳು ಬೇರೆ ಬೇರೆ: ಬ್ರೆಜಿಲ್‌ನದು ಸೆಲ್ಪಿ-ಬ್ರಾಸ್, ಲಿಸ್ಬನ್ ವಿಶ್ವವಿದ್ಯಾಲಯದ್ದು ಕಾಪ್ಲೆ. ಎರಡಕ್ಕೂ ಶುಲ್ಕ ಕಟ್ಟುವ ಶಕ್ತಿ ನನಗಿಲ್ಲ. ಪೋರ್ಚುಗಲ್ ಜನಸಂಖ್ಯೆ ಸುಮಾರು 1 ಕೋಟಿ, ಬ್ರೆಜಿಲ್‌ನದು 20 ಕೋಟಿಗೂ ಹೆಚ್ಚು. ಹಾಗಾಗಿ ಬ್ರೆಜಿಲ್ ಕಡೆಯದನ್ನೇ ಹಿಡಿದಿದ್ದೇನೆ. ನೀವೂ ಕಲಿಯುವ ಮುನ್ನ ವಿಚಾರಿಸಿ: ನೀವು ಸೇರಬೇಕೆಂದಿರುವ ಕಂಪನಿಯ ಗ್ರಾಹಕರು ಯಾವ ದೇಶದವರು?