ಸ್ಪೀಕರ್ ಎತ್ತರದಲ್ಲಿದ್ದಷ್ಟೂ ಚೆನ್ನಾಗಿ ಕೇಳಿಸುತ್ತದೆಯೇ?

ಟಿವಿಯ ಹಾಡು ಜೋರಾಗಿ ಕೇಳಿಸುತ್ತದೆ, ಮಾತು ಮಾತ್ರ ಸ್ಪಷ್ಟವಿಲ್ಲ. ಮನೆಯ ಹಿರಿಯರು ‘ಸ್ವಲ್ಪ ಸೌಂಡ್ ಜಾಸ್ತಿ ಮಾಡು’ ಎನ್ನುತ್ತಾರೆ. ಮಾಡಿದರೆ ಉಳಿದವರಿಗೆ ಕಿವಿಗಡಚಿಕ್ಕುತ್ತದೆ. ಹೆಚ್ಚು ವಾಟ್‌ನ ಹೊಸ ಸೆಟ್ ಕೊಳ್ಳುವ ಮೊದಲು ಟೇಪು ಹಿಡಿದು ಎರಡು ಅಳತೆ ನೋಡೋಣ: ಕುಳಿತಾಗ ನಮ್ಮ ಕಿವಿ ನೆಲದಿಂದ ಎಷ್ಟು ಎತ್ತರದಲ್ಲಿದೆ? ಸ್ಪೀಕರ್ ಎಷ್ಟು ಎತ್ತರದಲ್ಲಿದೆ?

ಎತ್ತರದ ನಂಬಿಕೆ ಎಲ್ಲಿಂದ ಬಂತು?

ಜಾತ್ರೆ, ರಾಜ್ಯೋತ್ಸವಗಳಲ್ಲಿ ಮೈಕ್‌ಸೆಟ್‌ನವರು ಹಾರ್ನ್ ಅನ್ನು ಕಂಬಕ್ಕೋ ಮರಕ್ಕೋ ಕಟ್ಟುತ್ತಾರೆ. ಮುಂದಿನವರ ತಲೆ ಅಡ್ಡ ಬರದೆ ದೂರದವರಿಗೂ ದನಿ ತಲುಪಲಿ ಎಂಬುದು ಅಲ್ಲಿನ ಲೆಕ್ಕ. ಮನೆಯ ಹಾಲ್‌ನಲ್ಲಿ ನಾವು ಕೂರುವುದು ಎರಡು ಮೂರು ಮೀಟರ್ ದೂರದಲ್ಲಿ. ಇಲ್ಲಿ ಆ ಲೆಕ್ಕ ಹೊಂದುವುದಿಲ್ಲ.

ಎತ್ತರ ಬದಲಾದರೆ ಏನಾಗುತ್ತದೆ?

ಸಾಮಾನ್ಯ ಸ್ಪೀಕರ್ ಪೆಟ್ಟಿಗೆಯಲ್ಲಿ ದಪ್ಪ ದನಿಗೆ ದೊಡ್ಡ ವೂಫರ್, ಕೀರು ದನಿಗೆ ಚಿಕ್ಕ ಟ್ವೀಟರ್ ಇರುತ್ತವೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ 100 ಹರ್ಟ್ಜ್ ದನಿಯ ಅಲೆಯ ಉದ್ದ ಸುಮಾರು 3.4 ಮೀಟರ್, 10,000 ಹರ್ಟ್ಜ್ ದನಿಯದು ಬರೀ 3.4 ಸೆಂ.ಮೀ. ಉದ್ದನೆಯ ಅಲೆ ಎಲ್ಲ ಕಡೆಗೂ ಹರಡುತ್ತದೆ. ಗಿಡ್ಡ ಅಲೆ ಟಾರ್ಚಿನ ಬೆಳಕಿನಂತೆ ಹೆಚ್ಚಾಗಿ ಮುಂದಕ್ಕೇ ಹೋಗುತ್ತದೆ. ಸ, ಶ, ಚ ಮುಂತಾದ ವ್ಯಂಜನಗಳನ್ನು ಗುರುತಿಸಲು 2,000 ಹರ್ಟ್ಜ್‌ಗಿಂತ ಮೇಲಿನ ದನಿ ಬಹಳ ಮುಖ್ಯ. ವಯಸ್ಸಾದಂತೆ ಮೊದಲು ಮಂದವಾಗುವುದೂ ಕೀರು ದನಿಯ ಕೇಳ್ಮೆಯೇ.

ಇನ್ನೊಂದು ತೊಡಕಿದೆ. ವೂಫರ್ ಮತ್ತು ಟ್ವೀಟರ್ ಕೆಲಸ ಹಂಚಿಕೊಳ್ಳುವ ಗಡಿ ಅನೇಕ ಪೆಟ್ಟಿಗೆಗಳಲ್ಲಿ 2,000–3,000 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ. ಆ ಗಡಿಯಲ್ಲಿ ಎರಡೂ ಒಟ್ಟಿಗೆ ನುಡಿಯುತ್ತವೆ. ಕಿವಿ ನೇರ ಎದುರಿಗಿದ್ದರೆ ಎರಡರ ಅಲೆಗಳೂ ಕೂಡಿಕೊಳ್ಳುತ್ತವೆ. ತೀರಾ ಮೇಲೋ ಕೆಳಗೋ ಇದ್ದರೆ ಒಂದನ್ನೊಂದು ಅಳಿಸಿಹಾಕಬಹುದು.

ಒಂದು ಉದಾಹರಣೆ

ಬಳ್ಳಾರಿ ರಸ್ತೆಗೆ ಹತ್ತಿರದ ಚಿಕ್ಕಜಾಲದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸ್ಪೀಕರ್ ಸಜ್ಜೆಯ ಮೇಲೆ 2.1 ಮೀಟರ್ ಎತ್ತರದಲ್ಲಿದೆ. ಸೋಫಾದಲ್ಲಿ ಕೂತವರ ಕಿವಿ 95 ಸೆಂ.ಮೀ. ಎತ್ತರದಲ್ಲಿ, 2.5 ಮೀಟರ್ ದೂರದಲ್ಲಿದೆ. ಅಂದರೆ ಕಿವಿ ಸ್ಪೀಕರ್‌ನ ನೇರಕ್ಕಿಂತ ಸುಮಾರು 25 ಡಿಗ್ರಿ ಕೆಳಗಿದೆ. ವೂಫರ್ ಮತ್ತು ಟ್ವೀಟರ್ ನಡುವೆ 15 ಸೆಂ.ಮೀ. ಇದ್ದರೆ ಎರಡರಿಂದ ಬರುವ ದನಿಯ ದಾರಿಯಲ್ಲಿ ಆರು ಸೆಂ.ಮೀ.ಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. 2,500 ಹರ್ಟ್ಜ್ ದನಿಗೆ ಇದು ಹತ್ತಿರ ಹತ್ತಿರ ಅರ್ಧ ಅಲೆ. ಮಾತಿನ ಸ್ಪಷ್ಟತೆಗೆ ಬೇಕಾದ ಜಾಗದಲ್ಲೇ ದನಿ ಕುಗ್ಗುತ್ತದೆ. ಜೊತೆಗೆ ಹೆದ್ದಾರಿಯ ಸದ್ದು, ವಿಮಾನಗಳ ಸದ್ದು. ಸಹಜವಾಗಿಯೇ ಕೈ ರಿಮೋಟಿನತ್ತ ಹೋಗುತ್ತದೆ.

ಹೀಗೆ ಏರಿಸುತ್ತಾ ಹೋಗುವುದು ಕಿವಿಗೆ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದು.

ನಾವು ಏನು ಮಾಡಬಹುದು?

• ಟ್ವೀಟರ್ ಅನ್ನು ಕುಳಿತವರ ಕಿವಿಯ ಮಟ್ಟಕ್ಕೆ ತನ್ನಿ. ಚಾಪೆಯ ಮೇಲೆ ಕೂರುವವರಿಗೆ ಇದು ಸುಮಾರು 70–75 ಸೆಂ.ಮೀ., ಸೋಫಾದವರಿಗೆ 95–100 ಸೆಂ.ಮೀ. ನಿಮ್ಮ ಮನೆಯಲ್ಲಿ ಅಳೆದೇ ತೀರ್ಮಾನಿಸಿ.

• ಕೆಲವರು ನೆಲದಲ್ಲಿ, ಕೆಲವರು ಸೋಫಾದಲ್ಲಿ ಕೂರುತ್ತಾರೆಯೇ? ಚಿಂತೆ ಬೇಡ. 2.5 ಮೀಟರ್ ದೂರದಲ್ಲಿ 25 ಸೆಂ.ಮೀ. ವ್ಯತ್ಯಾಸವೆಂದರೆ ಆರು ಡಿಗ್ರಿಗಿಂತ ಕಡಿಮೆ. ಆದರೆ ಮೇಜಿನ ಮೇಲೆ ಒಂದು ಮೀಟರ್ ದೂರದಲ್ಲಿದ್ದರೆ ಅದೇ 14 ಡಿಗ್ರಿಯಾಗುತ್ತದೆ.

• ಜಾಗ ಬದಲಿಸಲಾಗದಿದ್ದರೆ ಓರೆ ಮಾಡಿ. ಮೇಲಿರುವ ಪೆಟ್ಟಿಗೆಯ ಹಿಂಬದಿಗೆ, ಕೆಳಗಿರುವ ಪೆಟ್ಟಿಗೆಯ ಮುಂಬದಿಗೆ ಮರದ ತುಂಡು ಕೊಟ್ಟು ಅದರ ಮುಖ ಕಿವಿಯತ್ತ ತಿರುಗಿಸಿ. ಮೇಲಿನದು ಜಾರಿ ಬೀಳದಂತೆ ಭದ್ರವಾಗಿ ಕಟ್ಟಿ.

• ಸಬ್‌ವೂಫರ್ ನೆಲದ ಮೇಲೇ ಇರಲಿ. ಅದರ ಅಲೆಗಳು ಬಹಳ ಉದ್ದ. ಎತ್ತರದ ಗೊಡವೆ ಅದಕ್ಕಿಲ್ಲ. ಸಿನಿಮಾ ಸದ್ದಿಗಾಗಿ ಛಾವಣಿಗೆ ಕೂರಿಸುವ ಸ್ಪೀಕರ್‌ಗಳ ಕೆಲಸವೂ ಬೇರೆ.

ಸರಿಯಾಯಿತೇ ಎಂದು ತಿಳಿಯಲು ವಾರ್ತೆ ಹಾಕಿ, ಕೂತು ಕೇಳಿ, ಮೆಲ್ಲಗೆ ಎದ್ದು ನಿಂತು ಕೇಳಿ. ಕೂತಾಗಲೇ ಮಾತು ಹೆಚ್ಚು ಸ್ಪಷ್ಟವಾಗಿದ್ದರೆ ಎತ್ತರ ಹೊಂದಿದೆ. ಇಷ್ಟಾದರೂ ಮನೆಯ ಹಿರಿಯರಿಗೆ ಮಾತು ತಿಳಿಯದಿದ್ದರೆ ಪರೀಕ್ಷಿಸಬೇಕಾದದ್ದು ಸ್ಪೀಕರನ್ನಲ್ಲ, ಕಿವಿಯನ್ನು. ಕಿವಿಯ ವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.