ಇಡ್ಲಿ ಹಿಟ್ಟಿನ ನಂಟು ಮುಖದ ಕ್ರೀಮಿಗೂ!



ಹೈದರಾಬಾದಿನ ಮೇ ತಿಂಗಳು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ಚಳಿಯಲ್ಲಿ ಬೆಳಗಾದರೂ ಏಳದೆ ಸತಾಯಿಸುವ ಇಡ್ಲಿ ಹಿಟ್ಟು, ಇಲ್ಲಿ ಸಂಜೆ ರುಬ್ಬಿಟ್ಟರೆ ಮಲಗುವ ಹೊತ್ತಿಗೇ ಪಾತ್ರೆಯಿಂದ ಹೊರಗೆ ಇಣುಕುತ್ತದೆ. ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಪಾತ್ರ ದೊಡ್ಡದು ಎಂದು 1965ರಲ್ಲೇ ವಿಜ್ಞಾನಿಗಳು ತೋರಿಸಿದ್ದರು. ಅದರ ದಾಯಾದಿಯೊಂದು ಈಗ ಸೌಂದರ್ಯವರ್ಧಕಗಳಿಗೂ ಕಾಲಿಟ್ಟಿದೆ. 'ಪ್ಯಾರಾಬೆನ್ ಇಲ್ಲ' ಎಂದು ದೊಡ್ಡದಾಗಿ ಬರೆದ ಡಬ್ಬಿಯನ್ನು ತಿರುಗಿಸಿ ನೋಡಿ. ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಲ್ಯೂಕೊನೊಸ್ಟಾಕ್/ರ್‍ಯಾಡಿಶ್ ರೂಟ್ ಫರ್ಮೆಂಟ್ ಫಿಲ್ಟ್ರೇಟ್' ಎಂದಿದ್ದರೆ, ಅದು ಮೂಲಂಗಿಯನ್ನು ಈ ಬ್ಯಾಕ್ಟೀರಿಯಾದಿಂದ ಹುದುಗಿಸಿ ಸೋಸಿ ತೆಗೆದ ದ್ರವ. ಕ್ರೀಮು ಕೆಡದಂತೆ ಕಾಯುವುದು ಅದರ ಕೆಲಸ.

ಕ್ರೀಮಿಗೆ ಕಾವಲು ಯಾಕೆ? ಅದರಲ್ಲಿ ನೀರಿದೆ, ಅದಕ್ಕೆ. ನೀರಿದ್ದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬಂದೇ ಬರುತ್ತವೆ. ಇದುವರೆಗೆ ಕಾವಲಿಗಿದ್ದದ್ದು ಹೆಚ್ಚಾಗಿ ಪ್ಯಾರಾಬೆನ್. 2004ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಸ್ತನದ ಗಡ್ಡೆಗಳಲ್ಲಿ ಪ್ಯಾರಾಬೆನ್ ಅಂಶ ಕಂಡಿತು. ಕ್ಯಾನ್ಸರ್ ಬಂದದ್ದು ಅದರಿಂದಲೇ ಎಂದು ಆ ಅಧ್ಯಯನ ಸಾಧಿಸಿರಲಿಲ್ಲ. ಆದರೂ ಭಯ ಹಬ್ಬಿತು. 2014ರಲ್ಲಿ ಯುರೋಪು ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿತು. ಮಿಥೈಲ್ ಪ್ಯಾರಾಬೆನ್‌ನಂಥವಕ್ಕೆ ಮಿತಿಯೊಳಗೆ ಅನುಮತಿ ಉಳಿಸಿಕೊಂಡಿತು. ಈ ಎರಡನೆಯ ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ!

ಹುದುಗಿಸಿ ಕಾಪಾಡುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳು ವರ್ಷಗಟ್ಟಲೆ ಕೆಡದಿರುವುದು ಇದರಿಂದಲೇ. ಬೆಲ್ಲ, ಧಾತಕಿ ಹೂವು ಹಾಕಿ ಮುಚ್ಚಿಟ್ಟ ಕಷಾಯ ತಾನಾಗಿ ಹುದುಗಿ, ಅದರಲ್ಲಿ ಸುಮಾರು ಶೇ. 5ರಿಂದ 12ರಷ್ಟು ಮದ್ಯಸಾರ ಹುಟ್ಟುತ್ತದೆ. ಅದೇ ಕಾವಲು.

ಇಲ್ಲೇ ಒಂದು ಎಚ್ಚರ ಬೇಕು. ಅರಿಷ್ಟದಲ್ಲಿ ಇಡೀ ಸೀಸೆಯೇ ಹುದುಗಿರುತ್ತದೆ. ಕ್ರೀಮಿಗೆ ಸೇರಿಸುವ ಮೂಲಂಗಿ ದ್ರವ ಸಾಮಾನ್ಯವಾಗಿ ಶೇ. 2ರಿಂದ 4 ಮಾತ್ರ. ಉಳಿದ ನೀರು ನೀರೇ. ಜೊತೆಗೆ, ಇಂಥ ಜೈವಿಕ ವಸ್ತುಗಳು ಎಲ್ಲ ಸೂಕ್ಷ್ಮಜೀವಿಗಳ ಮೇಲೂ ಒಂದೇ ಸಮನೆ ಕೆಲಸ ಮಾಡುವುದಿಲ್ಲ. ಹಾಲಿನ ಬ್ಯಾಕ್ಟೀರಿಯಾ ತಯಾರಿಸುವ, ಆಹಾರದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ನೈಸಿನ್ ಕೂಡ ಕೆಲವು ಬ್ಯಾಕ್ಟೀರಿಯಾಗಳನ್ನಷ್ಟೇ ತಡೆಯುತ್ತದೆ. ಬೂಷ್ಟಿಗೆ ಅದು ಲೆಕ್ಕಕ್ಕಿಲ್ಲ. ಬಚ್ಚಲುಮನೆಯ ತೇವದಲ್ಲಿ ಹಾಯಾಗಿ ಬದುಕುವ ಸ್ಯೂಡೊಮೊನಾಸ್ ಅಂತೂ ಹಟಮಾರಿ. ಅದು ಸೇರಿಕೊಂಡ ಕ್ರೀಮು ಕಣ್ಣಿಗೆ ತಗುಲಿದರೆ ಕಾರ್ನಿಯಾದಲ್ಲಿ ಹುಣ್ಣಾಗಿ ದೃಷ್ಟಿಗೇ ಕುತ್ತು ಬರಬಹುದು.

ಹಾಗಾಗಿ ಜವಾಬ್ದಾರಿಯುಳ್ಳ ತಯಾರಕರು ಕ್ರೀಮಿಗೆ ಬೇಕೆಂದೇ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಸೇರಿಸಿ, 28 ದಿನ ಇಟ್ಟು, ಎಷ್ಟು ಸತ್ತವು ಎಂದು ಎಣಿಸುತ್ತಾರೆ. ಈ ಪರೀಕ್ಷೆಯಲ್ಲಿ ಗೆದ್ದರೆ ಮೂಲಂಗಿ ದ್ರವವೂ ಒಳ್ಳೆಯದೇ. ಸೋತರೆ 'ನೈಸರ್ಗಿಕ' ಎಂಬ ಪದ ನಮ್ಮ ಕಣ್ಣು ಕಾಯುವುದಿಲ್ಲ. 1999ರಲ್ಲಿ ಜರ್ಮನಿಯಲ್ಲಿ ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಹಣ್ಣಿನ ಬೀಜದ ಸಾರದ 6 ಮಾದರಿಗಳನ್ನು ಪರೀಕ್ಷಿಸಿದಾಗ 5ರಲ್ಲಿ ಕೃತಕ ಸಂರಕ್ಷಕ ಸಿಕ್ಕಿತು. ಶುದ್ಧವಾಗಿದ್ದ ಆರನೆಯದು ಯಾವ ಸೂಕ್ಷ್ಮಜೀವಿಯನ್ನೂ ತಡೆಯಲಿಲ್ಲವಂತೆ!

ಕೊಳ್ಳುವಾಗ ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಲ್ಲಿಯವರೆಗೆ ಬಳಸಬಹುದೆಂಬ ದಿನಾಂಕ ನೋಡಿ. ಪರಿಚಯದವರು ಮನೆಯಲ್ಲೇ ಮಾಡಿ ಮಾರುವ ಕ್ರೀಮಾದರೂ ಅಷ್ಟೇ, ಸಂಕೋಚ ಬೇಡ, ಕೇಳಿ. ಬೆರಳು ಅದ್ದುವ ಡಬ್ಬಿಗಿಂತ ಪಂಪ್ ಇರುವ ಬಾಟಲಿ ವಾಸಿ. ವಾಸನೆ, ಬಣ್ಣ ಬದಲಾದರೆ ಎಸೆದುಬಿಡಿ; ಬದಲಾಗದಿದ್ದ ಮಾತ್ರಕ್ಕೆ ಸರಿಯಿದೆ ಎಂದೂ ಅಲ್ಲ. ಮನೆಯಲ್ಲಿ ತೆಗೆದ ಲೋಳೆಸರದ ತಿರುಳನ್ನು ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿಯನ್ನು ಹಚ್ಚುವ ಹೊತ್ತಿಗೆ ಕಲಸಿಕೊಂಡರೆ ಸಾಕು. ಇನ್ನು ನಮ್ಮ ಕೊಬ್ಬರಿ ಎಣ್ಣೆಯಲ್ಲಿ ನೀರೇ ಇಲ್ಲವಲ್ಲ, ಅದಕ್ಕೆ ಈ ಮೂಲಂಗಿಯ ಹಂಗೂ ಇಲ್ಲ.