ಮಣಿಯ ಮೈ

ಗಾಜಿನ ಮಣಿಗಳಲ್ಲಿ ಕಣ್ಣು ಮುಚ್ಚಿಯೂ ಬೆರಳ ತುದಿಯಿಂದಲೇ ಗುರುತಿಸಬಹುದಾದವು ಉಂಟು. ಒಂದರ ಮೈ ಮರಳಿನಂತೆ ತರಿತರಿ. ಇನ್ನೊಂದರಲ್ಲಿ ಕುಂಬಳಕಾಯಿಯ ಮೇಲಿರುವಂತಹ ಏಣುಗಳು. ಮತ್ತೊಂದರ ಮೇಲೆ ಉಬ್ಬಿ ನಿಂತ ಪುಟ್ಟ ಗುಲಾಬಿ. ಕರಗಿದ ಗಾಜಿನ ಸ್ವಭಾವವಾದರೋ ನುಣುಪಾಗುವುದು. ಬೆಂಕಿಯಲ್ಲಿ ಮೆದುವಾದೊಡನೆ ಅದು ನೀರಿನ ಹನಿಯಂತೆ ದುಂಡಗಾಗಲು ಹವಣಿಸುತ್ತದೆ. ಆದುದರಿಂದ ಮಣಿಯ ಮೇಲೆ ಒರಟುತನವನ್ನು ಉಳಿಸುವುದೇ ಕುಶಲಕರ್ಮಿಗೆ ಕಠಿಣ ಪರೀಕ್ಷೆ.

ಈ ಕಲೆಗೆ ಇಟಲಿಯ ವೆನಿಸ್ ನಗರವು ಪ್ರಸಿದ್ಧವಾಗಿದೆ. 1291ರಲ್ಲಿ ಅಲ್ಲಿನ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಲಾಯಿತು. ಆದರೆ ದೀಪದ ಜ್ವಾಲೆಯಲ್ಲಿ ಮಣಿ ಮಾಡುವವರಿಗೆ ದೊಡ್ಡ ಕುಲುಮೆ ಬೇಕಿರಲಿಲ್ಲ. ಎಣ್ಣೆಯ ದೀಪ, ಕಾಲಿನಿಂದ ತುಳಿಯುವ ತಿದಿ, ಇವಿಷ್ಟಿದ್ದರೆ ಮನೆಯ ಮೂಲೆಯೇ ಕಾರ್ಯಾಗಾರ. ಅನೇಕ ಮಹಿಳೆಯರು ಹೀಗೆ ಮನೆಯಲ್ಲಿಯೇ ದುಡಿದರು. ಇಂದು ಎಣ್ಣೆಯ ದೀಪದ ಸ್ಥಾನದಲ್ಲಿ ಅನಿಲದ ಜ್ವಾಲೆ ಬಂದಿದೆ. ಇಟಲಿ ಮತ್ತು ಫ್ರಾನ್ಸ್ ದೇಶಗಳ ಗಾಜಿನ ಮಣಿಯ ಕಲೆಯನ್ನು 2020ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಜೇಡಿಮಣ್ಣನ್ನು ಲೇಪಿಸಿದ ಲೋಹದ ಕಡ್ಡಿಯ ಸುತ್ತ, ಜ್ವಾಲೆಯಲ್ಲಿ ಕರಗಿದ ಗಾಜನ್ನು ಸುತ್ತುವುದು ಮೊದಲ ಕೆಲಸ. ಲೇಪವಿಲ್ಲದಿದ್ದರೆ ಗಾಜು ಕಡ್ಡಿಯನ್ನು ಬಿಡದು. ತರಿತರಿಯಾದ ಮೈ ಬೇಕಾದರೆ, ಬಣ್ಣದ ಗಾಜನ್ನು ರವೆಯಂತೆ ಕುಟ್ಟಿ, ತಟ್ಟೆಯಲ್ಲಿ ಹರಡಿ, ಕೆಂಪಗೆ ಕಾದ ಮಣಿಯನ್ನು ಅದರಲ್ಲಿ ಹೊರಳಿಸುತ್ತಾರೆ. ಅನಂತರ ಮತ್ತೊಮ್ಮೆ ಜ್ವಾಲೆಗೆ ಹಿಡಿಯಬೇಕು. ಎಷ್ಟು ಹೊತ್ತು? ಇಲ್ಲಿಯೇ ಇರುವುದು ಗುಟ್ಟು. ತುಸು ಹೆಚ್ಚಾದರೆ ಕಾಳುಗಳೆಲ್ಲ ಮಣಿಯೊಳಗೆ ಮುಳುಗಿ, ಬರಿಯ ಬಣ್ಣದ ಚುಕ್ಕೆಗಳಾಗಿ ಉಳಿಯುತ್ತವೆ. ಕಡಿಮೆಯಾದರೆ ಸರಿಯಾಗಿ ಅಂಟದೆ, ಧರಿಸಿದವರ ಕೊರಳಿನಲ್ಲಿ ಉದುರುತ್ತವೆ. ಕಾಳಿನ ಬುಡ ಮಾತ್ರ ಕರಗಿ, ತುದಿ ಹಾಗೆಯೇ ನಿಲ್ಲುವ ಆ ಕ್ಷಣವನ್ನು ಯಾವ ಗಡಿಯಾರವೂ ತಿಳಿಸಲಾರದು; ಗಾಜಿನ ಬಣ್ಣವನ್ನು ನೋಡಿಯೇ ಅರಿಯಬೇಕು.

ಏಣುಗಳನ್ನು ಮೂಡಿಸುವುದು ಅಷ್ಟು ಕಷ್ಟವಲ್ಲ. ಮೆದುವಾದ ಮಣಿಯನ್ನು ಲೋಹದ ಅಲಗಿನಿಂದ ಉದ್ದುದ್ದಕ್ಕೆ ಒತ್ತಿದರಾಯಿತು. ರೋಮನರ ಕಾಲದಲ್ಲಿಯೂ ಇಂತಹ ಮಣಿಗಳಿದ್ದವು. ಗುಲಾಬಿಯ ಮಾತು ಬೇರೆ. ನೂಲಿನಂತಹ ಗಾಜಿನ ಎಳೆಯ ತುದಿಯನ್ನಷ್ಟೇ ಕರಗಿಸಿ, ರಂಗೋಲಿ ಎಳೆದಂತೆ ಹೂವನ್ನು ಬರೆಯಬೇಕು. ಆಗ ಮಣಿ ಅತಿಯಾಗಿ ಕಾದರೆ ಹೂವನ್ನು ನುಂಗುತ್ತದೆ, ತಣ್ಣಗಾದರೆ ಸಿಡಿಯುತ್ತದೆ.

ಇಷ್ಟೆಲ್ಲ ಶ್ರಮವೂ ಕೊನೆಯಲ್ಲಿ ವ್ಯರ್ಥವಾಗಬಹುದು. ಗಾಜು ಉಷ್ಣವನ್ನು ಬೇಗನೆ ಸಾಗಿಸದು. ಹೊರಮೈ ತಣಿದು ಬಿಗಿದಾಗ ಒಡಲು ಇನ್ನೂ ಬಿಸಿಯಾಗಿರುತ್ತದೆ. ಈ ಸೆಳೆತದಿಂದ ಮಣಿ ಬಿರಿಯುತ್ತದೆ. ಎರಡು ಬಗೆಯ ಗಾಜುಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವಂಥವಾದರಂತೂ ಬಿರುಕು ಕೆಲವು ದಿನಗಳ ಮೇಲೆಯೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಮಣಿಗಳನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗೂಡಿನಲ್ಲಿಟ್ಟು, ಗಂಟೆಗಟ್ಟಲೆ ನಿಧಾನವಾಗಿ ತಣಿಸುತ್ತಾರೆ. ಗೂಡು ಪೂರ್ತಿ ಆರಿದ ಮೇಲೆ ಬಿರಿದ ಮಣಿಗಳನ್ನು ಬೇರ್ಪಡಿಸಿ, ಉಳಿದವನ್ನು ನೀರಿನಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿ, ರಂಧ್ರದೊಳಗಿನ ಮಣ್ಣನ್ನು ಕೆರೆದು ತೆಗೆಯುತ್ತಾರೆ.